‘ನಮ್ಮವನು’ ಎಂಬುದು ಗ್ಯಾರಂಟಿಯಲ್ಲ

ನಮ್ಮ ಸಂಘದ ಕಳೆದ ತಿಂಗಳ ಸಭೆಯಲ್ಲಿ ಒಂದು ಸೂಚನೆ ಬಂದಿತು. ಮುಂಬಯಿ ಮತ್ತು ಉಪನಗರಗಳಲ್ಲಿರುವ ಕನ್ನಡಿಗ ಮೋಟಾರು ಮೆಕ್ಯಾನಿಕರ ಪಟ್ಟಿಯೊಂದನ್ನು ತಯಾರಿಸಿ, ಸದಸ್ಯರ ಅನುಕೂಲಕ್ಕಾಗಿ ಈ ಪತ್ರಿಕೆಯಲ್ಲಿ ಅಚ್ಚು ಹಾಕಬೇಕು. ಅದರಿಂದ ನಮ್ಮವರಿಗೆ ಕೆಲಸ ಕೊಟ್ಟಂತೆಯೂ ಆಗುತ್ತದೆ, ಸದಸ್ಯರಿಗೆ ಮೋಸವೂ ತಪ್ಪುತ್ತದೆ ಎಂಬುದು ಸೂಚನೆಯ ಸಾರ. ಸಭೆ ಚಪ್ಪಾಳೆ ತಟ್ಟಿತು. ಕೈಯೆತ್ತಿ ವಿರೋಧಿಸಿದವನು ನಾನೊಬ್ಬನೇ. ‘ಇವರಿಗೆ ಕನ್ನಡಿಗರ ಏಳಿಗೆ ಬೇಡವೇ?’ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಹೊತ್ತಾಗಿತ್ತು, ಉಪ್ಪಿಟ್ಟು ಆರುತ್ತಿತ್ತು, ಉತ್ತರಿಸಲು ಅವಕಾಶವಾಗಲಿಲ್ಲ. ಸಂಪಾದಕರು ದೊಡ್ಡ ಮನಸ್ಸು ಮಾಡಿ ಈ ಪುಟಗಳನ್ನು ಕೊಟ್ಟಿದ್ದಾರೆ. ಆ ಪ್ರಶ್ನೆಗೆ ಇದು ನನ್ನ ಉತ್ತರ.

ಸೂಚನೆಯಲ್ಲಿ ಎರಡು ಮಾತುಗಳಿವೆ. ನಮ್ಮವರಿಗೆ ಕೆಲಸ ಸಿಗುತ್ತದೆ ಎಂಬುದು ಮೊದಲನೆಯದು. ಅದಕ್ಕೆ ನನ್ನ ತಕರಾರಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ಒಬ್ಬರಿಗೊಬ್ಬರು ಆಸರೆಯಾಗುವುದು ಸಹಜ, ಯೋಗ್ಯ. ಮೋಸ ತಪ್ಪುತ್ತದೆ ಎಂಬುದು ಎರಡನೆಯದು. ಇದು ಸುಳ್ಳು. ಇದನ್ನು ನಂಬಿ ಬೆಲೆ ತೆತ್ತವನಾದ್ದರಿಂದ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

೨೦೧೭ರ ದೀಪಾವಳಿಯ ಸುಮಾರಿಗೆ ನನ್ನ ಚಿಕ್ಕ ಪೆಟ್ರೋಲ್ ಕಾರಿನ ಕ್ಲಚ್ಚು ಜಾರತೊಡಗಿತು. ಸಂಘದ ಮಿತ್ರರೊಬ್ಬರು ಒಬ್ಬ ಮೆಕ್ಯಾನಿಕನ ಹೆಸರು ಹೇಳಿದರು. ‘ನಮ್ಮ ಕಡೆಯವನೇ, ಕಣ್ಣು ಮುಚ್ಚಿ ಕಾರು ಬಿಡಿ’ ಎಂದರು. ನಾನು ಅಕ್ಷರಶಃ ಕಣ್ಣು ಮುಚ್ಚಿಯೇ ಬಿಟ್ಟೆ. ಅವನು ಊರಿನ ಮಳೆಬೆಳೆ ವಿಚಾರಿಸಿದ, ಚಹಾ ತರಿಸಿದ, ಪೂರಾ ಸೆಟ್ ಬದಲಾಯಿಸಬೇಕೆಂದು ಹೇಳಿ ಎಂಟು ಸಾವಿರ ರೂಪಾಯಿ ತೆಗೆದುಕೊಂಡ. ಬಿಲ್ಲು ಕೇಳಲಿಲ್ಲ, ಹಳೆಯ ಸಾಮಾನು ಕೇಳಲಿಲ್ಲ. ನಮ್ಮವನನ್ನು ಹಾಗೆ ಕೇಳುವುದು ಅವಮಾನ ಮಾಡಿದಂತೆ ಎಂದು ನನ್ನ ಭಾವನೆ. ಕೆಲವು ತಿಂಗಳಲ್ಲಿ ಒಂದನೆಯ ಗೇರಿನಲ್ಲಿ ಹೊರಡುವಾಗ ಕಾರು ಗಡಗಡ ನಡುಗತೊಡಗಿತು. ಫೋನು ಮಾಡಿದರೆ, ‘ಹೊಸ ಪ್ಲೇಟು ಸಾರ್, ಕೂತುಕೊಳ್ಳುವುದಕ್ಕೆ ಸ್ವಲ್ಪ ಕಾಲ ಬೇಕು’ ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದನಂತೆ. ನಾನು ಕಟ್ಟಿದೆ.

೨೦೧೮ರ ಮೇ ತಿಂಗಳಲ್ಲಿ ಧಾರವಾಡದಲ್ಲಿ ಅಕ್ಕನ ಮಗಳ ಮದುವೆ. ನಾನು ಸೋದರಮಾವ, ವಧುವನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು. ಮುಹೂರ್ತದ ಹಿಂದಿನ ದಿನ ನಸುಕಿನಲ್ಲಿ ಹೆಂಡತಿ ಮಕ್ಕಳೊಡನೆ ಹೊರಟೆ. ಸುಮಾರು ೫೫೦ ಕಿಲೋಮೀಟರ್ ದಾರಿ. ಖಂಡಾಳಾ ಘಾಟಿನ ಏರಿನಲ್ಲಿ ಇಂಜಿನ್ನು ಕೂಗುತ್ತದೆ, ಕಾರು ಮುಂದೆ ಹೋಗದು. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಕ್ರೇನಿನವನು ಎಳೆದುಕೊಂಡು ಹೋಗಿ ಲೋಣಾವಳೆಯ ಒಂದು ಸಣ್ಣ ಗ್ಯಾರೇಜಿನ ಮುಂದೆ ಬಿಟ್ಟ.

ಅಲ್ಲಿದ್ದವನು ಉತ್ತರಪ್ರದೇಶದ ಕಡೆಯ ತರುಣ. ಕಾರಿನ ಕೆಳಗೆ ತೂರಿ ಟಾರ್ಚು ಹಾಕಿ ನೋಡಿದ. ಇಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವಿನ ಸಂದಿನಿಂದ ಎಣ್ಣೆ ಹನಿಯುವುದನ್ನು ನನಗೂ ಬಗ್ಗಿಸಿ ತೋರಿಸಿದ. ‘ಹಿಂದಿನ ಆಯಿಲ್ ಸೀಲ್ ಹೋಗಿದೆ. ಎಣ್ಣೆ ಕ್ಲಚ್ ಪ್ಲೇಟಿನ ಮೇಲೆ ಬೀಳುತ್ತಿದೆ. ಸೀಲು ಹಾಕದೆ ಪ್ಲೇಟು ಎಷ್ಟು ಸಲ ಬದಲಾಯಿಸಿದರೂ ಇದೇ ಗತಿ. ಪುಣೆಯಿಂದ ಸಾಮಾನು ತರಿಸಿ ರಾತ್ರಿಯೊಳಗೆ ಮುಗಿಸುತ್ತೇನೆ, ಎಲ್ಲ ಸೇರಿ ಆರೂವರೆ ಸಾವಿರ’ ಎಂದ. ರಾತ್ರಿ ಹೊರಟಿದ್ದರೆ ಬೆಳಗಿನ ಮುಹೂರ್ತಕ್ಕೆ ತಲುಪುತ್ತಿದ್ದೆ.

ನಾನು ಮಾಡಿದ್ದೇನು? ನಮ್ಮವನಿಗೆ ಫೋನು ಮಾಡಿದೆ. ‘ಅವನ ಕೈಗೆ ಬಿಡಬೇಡಿ ಸಾರ್, ಘಾಟಿನ ಮೇಲಿನವರೆಲ್ಲ ಕಳ್ಳರು. ಬಿಚ್ಚಿದರೆ ಒಳ್ಳೆಯ ಸಾಮಾನು ತೆಗೆದು ಬೇರೆ ಹಾಕುತ್ತಾನೆ. ಇಲ್ಲಿಗೇ ತನ್ನಿ’ ಎಂದ. ಮಾತು ಕನ್ನಡದಲ್ಲಿತ್ತು, ಅಷ್ಟು ಸಾಕಾಯಿತು. ಆ ತರುಣನನ್ನು ಅವನ ಇಬ್ಬರು ಹುಡುಗರ ಎದುರಿಗೇ ಕಳ್ಳನೆಂದು ಬೈದೆ. ಅವನು ಮರುಮಾತಾಡಲಿಲ್ಲ. ಕಾರನ್ನು ಕ್ರೇನಿನ ತನಕ ತಳ್ಳಿಕೊಟ್ಟ, ನೋಡಿದ್ದಕ್ಕೆ ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ಹೆಂಡತಿ ಮಕ್ಕಳನ್ನು ಬಸ್ಸಿಗೆ ಹತ್ತಿಸಿ, ಕಾರನ್ನು ಕಾಯಲು ನಾನು ಮುಂಬಯಿಗೆ ಹಿಂದಿರುಗಿದೆ. ಮರುದಿನ ದಾಯಾದಿಯೊಬ್ಬ ವಧುವನ್ನು ಮಂಟಪಕ್ಕೆ ಕರೆತಂದ. ಅಕ್ಕ ಆ ಮಾತನ್ನು ಇವತ್ತಿನವರೆಗೆ ಎತ್ತಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಮ್ಮವನು ಮತ್ತೆ ಪ್ಲೇಟು ಬದಲಾಯಿಸಿ, ‘ನಿಮಗೆಂದು’ ಐದೇ ಸಾವಿರ ತೆಗೆದುಕೊಂಡ. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ನಡುಕ. ಈ ಸಲ ಕಛೇರಿಯ ಸಹೋದ್ಯೋಗಿಯೊಬ್ಬರು ಹೇಳಿದ ಠಾಣೆಯ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಗೇರುಪೆಟ್ಟಿಗೆ ಇಳಿಸಿದ. ಪ್ಲೇಟು ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿತ್ತು. ಪ್ರೆಶರ್ ಪ್ಲೇಟಿನ ಮೇಲೆ ಕಾದು ಕಾದು ಬಿದ್ದ ನೀಲಿ ಕಲೆಗಳು. ಅದು ಕಾರಿನ ಜೊತೆ ಬಂದದ್ದೇ, ಒಮ್ಮೆಯೂ ಬದಲಾಗಿರಲಿಲ್ಲ. ಎಣ್ಣೆ ಸೋರುತ್ತಿದ್ದದ್ದು ಕೆಲವೇ ನೂರು ರೂಪಾಯಿಯ ಒಂದು ರಬ್ಬರಿನ ಸೀಲಿನಿಂದ. ಲೋಣಾವಳೆಯ ತರುಣ ಬಿಚ್ಚದೆಯೇ ಹೇಳಿದ್ದ ಮಾತು ಅಕ್ಷರ ತಪ್ಪದೆ ನಿಜವಾಗಿತ್ತು. ಕ್ಷಮೆ ಕೇಳಬೇಕೆಂದು ಆ ವರ್ಷದ ಕೊನೆಗೆ ಅಲ್ಲಿಗೆ ಹೋದೆ. ಆ ಜಾಗದಲ್ಲಿ ಟಯರಿನ ಅಂಗಡಿ ಇತ್ತು. ಅವನು ಎಲ್ಲಿ ಹೋದನೆಂದು ಯಾರಿಗೂ ತಿಳಿಯದು. ಅವನ ಹೆಸರನ್ನೂ ನಾನು ಕೇಳಿರಲಿಲ್ಲ.

ಇದನ್ನು ಓದಿ, ‘ಹಾಗಾದರೆ ಕನ್ನಡಿಗರೆಲ್ಲ ಕಳ್ಳರೋ?’ ಎಂದು ಯಾರೂ ಸಿಟ್ಟಾಗಬಾರದು. ಉತ್ತರದವರು ಪ್ರಾಮಾಣಿಕರು, ನಮ್ಮವರು ಮೋಸಗಾರರು ಎಂದು ನಾನು ಹೇಳಿದರೆ ಅದೂ ಅದೇ ಮೂರ್ಖತನ. ಠಾಣೆಯ ಮೆಕ್ಯಾನಿಕನ ಮಾತೃಭಾಷೆ ಯಾವುದೆಂದು ನನಗೆ ಇವತ್ತಿಗೂ ತಿಳಿಯದು. ತಿಳಿಯುವ ಅಗತ್ಯ ಬೀಳಲಿಲ್ಲ, ಏಕೆಂದರೆ ಅವನು ಮುರಿದದ್ದನ್ನು ಕಣ್ಣಿಗೆ ತೋರಿಸಿದ.

ಈ ತೋರಿಸುವ ಮಾತೇ ಮುಖ್ಯ. ಕ್ಲಚ್ಚು ಕಣ್ಣಿಗೆ ಕಾಣದ ಜಾಗದಲ್ಲಿದೆ. ಇಂಜಿನ್ನಿನ ಹಿಂದೆ ಸದಾ ತಿರುಗುವ ಫ್ಲೈವೀಲ್ ಎಂಬ ಚಕ್ರವಿದೆ. ಅದಕ್ಕೂ ಪ್ರೆಶರ್ ಪ್ಲೇಟಿಗೂ ನಡುವೆ, ಎರಡು ಅಂಗೈಗಳ ನಡುವಿನ ಚಪಾತಿಯಂತೆ, ಕ್ಲಚ್ ಪ್ಲೇಟು ಕೂತಿರುತ್ತದೆ. ಸ್ಪ್ರಿಂಗಿನ ಒತ್ತಡದಿಂದ ಮೂರೂ ಒಂದಾಗಿ ತಿರುಗುವಾಗ ಇಂಜಿನ್ನಿನ ಬಲ ಗೇರಿಗೆ ಹೋಗುತ್ತದೆ. ನಾವು ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಹೋಗಿ ಸ್ಪ್ರಿಂಗನ್ನು ತಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ. ಇಷ್ಟೇ ಇದರ ರಹಸ್ಯ. ಅರ್ಧ ಒತ್ತಿಕೊಂಡು ಓಡಿಸಿದರೆ ಚಪಾತಿ ತವೆಗೆ ಉಜ್ಜುತ್ತದೆ, ಕಾಯುತ್ತದೆ, ಸವೆಯುತ್ತದೆ.

ಪೆಡಲ್ ಒಮ್ಮೆಲೇ ನೆಲಕ್ಕೆ ಬಿದ್ದರೆ ಸಾಮಾನ್ಯವಾಗಿ ಕೇಬಲ್ ತುಂಡಾಗಿರುತ್ತದೆ, ಇಲ್ಲವೇ ಹೈಡ್ರಾಲಿಕ್ ಕಾರಾದರೆ ದ್ರವ ಸೋರಿಹೋಗಿರುತ್ತದೆ. ಪ್ಲೇಟು ಚೆನ್ನಾಗಿಯೇ ಇರಬಹುದು. ಪೆಡಲ್ ಪೂರ್ತಿ ಒತ್ತಿದರೂ ಗೇರು ಕರಕರ ಎಂದರೆ ಹಿಡಿತ ಪೂರ್ತಿ ಬಿಡುತ್ತಿಲ್ಲ; ಹಲವು ಸಲ ಕೇಬಲ್ಲಿನ ಹೊಂದಾಣಿಕೆಯಿಂದಲೋ ಹೈಡ್ರಾಲಿಕ್ಕಿನೊಳಗಿನ ಗಾಳಿ ತೆಗೆಯುವುದರಿಂದಲೋ ಸರಿಹೋಗುತ್ತದೆ. ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗಿನ ಮೇಲೆ ಸಂಶಯ. ಇಂಜಿನ್ನು ಕೂಗಿ ಕಾರು ಏರದಿದ್ದರೆ ಪ್ಲೇಟು ಸವೆದಿದೆ, ಅಥವಾ ಎಣ್ಣೆ ಬಿದ್ದಿದೆ, ಅಥವಾ ಕೇಬಲ್ ತೀರ ಬಿಗಿಯಾಗಿದೆ. ಹೊರಡುವಾಗ ನಡುಗಿದರೆ ಎಣ್ಣೆಯೋ, ಕಾದು ಸೊಟ್ಟಗಾದ ಪ್ಲೇಟೋ, ಕೆಲವೊಮ್ಮೆ ಇಂಜಿನ್ನಿನ ಆಧಾರದ ರಬ್ಬರೋ ಕಾರಣ. ಇಷ್ಟು ರೋಗಗಳಿಗೂ ‘ಪೂರಾ ಸೆಟ್ ಹೋಗಿದೆ ಸಾಹೇಬರೇ’ ಎಂಬ ಒಂದೇ ಔಷಧ ಹೇಳುವವನು ಯಾವ ಭಾಷೆಯಲ್ಲಿ ಹೇಳಿದರೇನು?

ಒಂದು ನ್ಯಾಯದ ಮಾತನ್ನೂ ಹೇಳಬೇಕು. ಗೇರುಪೆಟ್ಟಿಗೆ ಇಳಿಸಿದ ಮೇಲೆ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರನ್ನೂ ಬದಲಾಯಿಸಿರೆಂದು ಹೇಳುವುದು ಮೋಸವಲ್ಲ. ಇಳಿಸುವ ಏರಿಸುವ ಕೂಲಿಯೇ ದೊಡ್ಡದು. ಒಂದನ್ನು ಉಳಿಸಿ ಆರು ತಿಂಗಳಿಗೆ ಮತ್ತೆ ಇಳಿಸುವುದು ಜಾಣತನವಲ್ಲ. ಮೂರರ ಹಣ ತೆಗೆದುಕೊಂಡು ಒಂದನ್ನು ಹಾಕುವುದು ಮೋಸ.

‘ಸಮುದಾಯದ ನಂಬಿಕೆಯಿಂದಲೇ ಮಾರವಾಡಿಗಳು, ಪಾರಸಿಗಳು ಮೇಲೆ ಬಂದರಲ್ಲ?’ ಎಂದು ಹಿರಿಯರೊಬ್ಬರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ೧೯೭೦ರಲ್ಲಿ ಹಳೆಯ ಕಾರುಗಳ ವ್ಯಾಪಾರದ ಬಗೆಗೆ ಒಂದು ಲೇಖನ ಬರೆದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದ ಕಡೆ ಕೆಟ್ಟ ಸರಕು ಒಳ್ಳೆಯದನ್ನು ಹೊರಗೆ ತಳ್ಳುತ್ತದೆ ಎಂದು ಅವರು ತೋರಿಸಿದರು. ೨೦೦೧ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಆ ಲೇಖನದಲ್ಲಿ ನಮ್ಮ ದೇಶದ ಪ್ರಸ್ತಾಪವೂ ಇದೆ: ಭಾರತದ ದೊಡ್ಡ ವ್ಯಾಪಾರ ಮನೆತನಗಳು ಸಮುದಾಯದ ಒಳಗಿನ ನಂಬಿಕೆಯ ಮೇಲೆ ಹಣದ ವ್ಯವಹಾರ ನಡೆಸಿದುದನ್ನು ಅವರು ಗಮನಿಸಿದ್ದಾರೆ. ಆದರೆ ಆ ನಂಬಿಕೆ ರಕ್ತದಿಂದ ಹುಟ್ಟಿದ್ದಲ್ಲ. ಕೊಟ್ಟ ಮಾತಿಗೆ ತಪ್ಪಿದವನಿಗೆ ನಾಳೆ ಸಾಲ ಸಿಗದು, ಹೆಣ್ಣು ಸಿಗದು, ಪಂಕ್ತಿಯಲ್ಲಿ ಎಲೆ ಸಿಗದು ಎಂಬ ಭಯ ಅದರ ಬೆನ್ನಿಗಿತ್ತು. ನಮ್ಮ ಸಂಘದಲ್ಲಿ ಅಂಥ ಭಯ ಯಾರಿಗಿದೆ? ನನಗೆ ಎರಡು ಸಲ ಟೋಪಿ ಹಾಕಿದವನು ಮರುವರ್ಷದ ರಾಜ್ಯೋತ್ಸವದಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೋಸಂಬರಿ ತಿಂದ. ನಾನೂ ‘ಚೆನ್ನಾಗಿದ್ದೀರಾ?’ ಎಂದೆ. ಶಿಕ್ಷೆಯಿಲ್ಲದ ಸಮುದಾಯದಲ್ಲಿ ‘ನಮ್ಮವನು’ ಎಂಬುದು ಬರಿಯ ಜಾಹೀರಾತು.

ಇನ್ನೊಂದು ಅಪಾಯವನ್ನೂ ಹೇಳಿಬಿಡುತ್ತೇನೆ. ‘ನಮ್ಮವನು’ ಎಂಬ ಮಾತು ಒಂದೇ ಕಡೆ ನಿಲ್ಲುವುದಿಲ್ಲ. ಮೊದಲು ಕನ್ನಡದವನು, ಆಮೇಲೆ ನಮ್ಮ ಜಿಲ್ಲೆಯವನು, ಆಮೇಲೆ ನಮ್ಮ ತಾಲೂಕಿನವನು. ಅದರ ಮುಂದಿನ ಮೆಟ್ಟಿಲು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಇವತ್ತು ಮೆಕ್ಯಾನಿಕರ ಪಟ್ಟಿ, ನಾಳೆ ಆ ಪಟ್ಟಿಯೊಳಗೆ ಪಟ್ಟಿ.

ಈ ನಗರ ನಮ್ಮನ್ನು ಹೇಗೆ ನಂಬಿತು ಎಂಬುದನ್ನು ಸ್ವಲ್ಪ ನೆನೆಸಿಕೊಳ್ಳೋಣ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದವರು ಇಲ್ಲಿ ಉಡುಪಿ ಹೋಟೆಲುಗಳನ್ನು ಕಟ್ಟಿದರು. ಮಾಟುಂಗಾದಲ್ಲಿ ರಾಮ ನಾಯಕರ ಊಟದ ಮನೆ ೧೯೪೨ರಿಂದ ನಡೆದಿದೆ. ಆ ಹೋಟೆಲುಗಳಿಗೆ ಬಂದ ಮರಾಠಿ ಗುಮಾಸ್ತ, ಗುಜರಾತಿ ವ್ಯಾಪಾರಿ, ಪಾರಸಿ ಮುದುಕ ಇವರಲ್ಲಿ ಯಾರಾದರೂ ಗಲ್ಲಾದ ಮೇಲೆ ಕೂತವನು ನಮ್ಮವನೇ ಎಂದು ಕೇಳಿದರೇ? ಗೋಡೆಯ ಮೇಲೆ ದರದ ಫಲಕ ನೋಡಿದರು, ತೊಳೆದ ಲೋಟ ನೋಡಿದರು, ನಿನ್ನೆಯ ರುಚಿ ಇವತ್ತೂ ಇದೆಯೇ ಎಂದು ನೋಡಿದರು. ಅವರೆಲ್ಲ ‘ನಮ್ಮವನ ಹೋಟೆಲಿಗೇ ಹೋಗುತ್ತೇವೆ’ ಎಂದಿದ್ದರೆ ನಮ್ಮ ಎಷ್ಟು ಮನೆಗಳಲ್ಲಿ ಒಲೆ ಉರಿಯುತ್ತಿತ್ತು? ನಾವು ಯಾವ ಅಳತೆಗೋಲಿನಿಂದ ಬದುಕಿದೆವೋ ಅದೇ ಅಳತೆಗೋಲನ್ನು ಇನ್ನೊಬ್ಬರಿಗೂ ಹಿಡಿಯೋಣ.

ಹಾಗೆಂದು ತಪ್ಪೆಲ್ಲ ಮೆಕ್ಯಾನಿಕನದೇ ಅಲ್ಲ. ನಮ್ಮ ಕಾಲು ದಿನವಿಡೀ ಕ್ಲಚ್ ಪೆಡಲಿನ ಮೇಲೇ ಇರುತ್ತದೆ. ಫ್ಲೈಓವರಿನ ಏರಿನಲ್ಲಿ ವಾಹನಗಳು ನಿಂತಾಗ ಹ್ಯಾಂಡ್‌ಬ್ರೇಕು ಎಳೆಯದೆ ಅರ್ಧ ಕ್ಲಚ್ಚಿನಲ್ಲಿ ಕಾರು ಹಿಡಿದು ನಿಲ್ಲಿಸುತ್ತೇವೆ. ಒಬ್ಬರಿಗೆ ಲಕ್ಷ ಕಿಲೋಮೀಟರು ಬರುವ ಪ್ಲೇಟು ಇನ್ನೊಬ್ಬರಿಗೆ ಮೂವತ್ತು ಸಾವಿರಕ್ಕೇ ಮುಗಿಯುವುದು ಹೀಗೆ. ಇನ್ನು ನಮ್ಮ ಚೌಕಾಸಿ. ಕೂಲಿ ಎರಡು ಸಾವಿರ ಎಂದರೆ ಸಾವಿರಕ್ಕಿಳಿಸಿ ಗೆದ್ದೆವೆಂದು ಮೀಸೆ ತಿರುವುತ್ತೇವೆ. ಕಣ್ಣಿಗೆ ಕಾಣುವ ಕೂಲಿಯಲ್ಲಿ ಕಳೆದುಕೊಂಡದ್ದನ್ನು ಅವನು ಕಣ್ಣಿಗೆ ಕಾಣದ ಸಾಮಾನಿನಲ್ಲಿ ವಸೂಲು ಮಾಡುತ್ತಾನೆ. ಬಿಲ್ಲು ಬೇಡ, ತೆರಿಗೆ ಬಿಟ್ಟುಬಿಡಿ ಎನ್ನುವವರೂ ನಾವೇ. ಕಳ್ಳತನಕ್ಕೆ ಪಾಲುದಾರನಾದವನು ಕಳ್ಳನ ಮೇಲೆ ಯಾವ ಬಾಯಲ್ಲಿ ದೂರು ಹೇಳಬೇಕು?

ಆದ್ದರಿಂದ ಕೇಳುವುದನ್ನು ಕಲಿಯೋಣ. ಬಿಚ್ಚುವ ಮೊದಲೇ ಒಂದು ಚೀಟಿಯಲ್ಲಿ ಕೂಲಿ ಬೇರೆ, ಸಾಮಾನು ಬೇರೆ ಮಾಡಿ ಅಂದಾಜು ಬರೆಸಿಕೊಳ್ಳಿ. ಏನು ಕೆಟ್ಟಿದೆ ಎನ್ನುವುದಕ್ಕೆ ಮುಂಚೆ ಅದು ಏಕೆ ಕೆಟ್ಟಿತು ಎಂದು ಕೇಳಿ. ಗೇರುಪೆಟ್ಟಿಗೆ ಇಳಿಸಿದಾಗ ಹೋಗಿ ಕಣ್ಣಾರೆ ನೋಡಿ, ಎಣ್ಣೆಯ ಸೀಲನ್ನೂ ತೋರಿಸಲು ಹೇಳಿ. ಹೊಸ ಸಾಮಾನು ಮುಚ್ಚಿದ ಪೆಟ್ಟಿಗೆಯಲ್ಲಿ ನಿಮ್ಮ ಎದುರಿಗೇ ಒಡೆಯಲಿ. ಹಳೆಯ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರನ್ನೂ ಮನೆಗೆ ತನ್ನಿ. ಮುಂಬಯಿಯ ಕುರ್ಲಾ, ದಿಲ್ಲಿಯ ಕಾಶ್ಮೀರಿ ಗೇಟು, ಚೆನ್ನೈಯ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆ ಎಲ್ಲಿ ಕೊಂಡರೂ ಸಾಮಾನಿನ ಬಿಲ್ಲು ಬೇರೆಯಾಗಿ ಇರಲಿ. ಇಷ್ಟು ಕೇಳಿದ್ದಕ್ಕೆ ಮುಖ ಗಂಟು ಹಾಕುವವನು ಸ್ವಂತ ತಮ್ಮನಾದರೂ ಕಾರು ವಾಪಸು ತನ್ನಿ. ನಗುತ್ತ ತೋರಿಸುವವನಿಗೆ ಕೇಳಿದ ಕೂಲಿ ಕೊಡಿ.

ಬಿಲ್ಲಿಗೆ ಇಷ್ಟು ಮಹತ್ವವೇಕೆ ಎನ್ನುವವರಿಗೆ ಕಾನೂನಿನ ಎರಡು ಮಾತು. ೧೯೮೬ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗದಲ್ಲಿ ೨೦೧೯ರ ಹೊಸ ಕಾಯ್ದೆ ೨೦೨೦ರ ಜುಲೈಯಿಂದ ಜಾರಿಯಲ್ಲಿದೆ. ಬಿಲ್ಲು ಕೊಡದಿರುವುದನ್ನೇ ಅದು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಘಟನೆ ನಡೆದದ್ದು ಎಲ್ಲಾದರೂ, ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ೫ ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫. ಆದರೆ ಬಿಲ್ಲಿಲ್ಲದವನು ಆಯೋಗದ ಮುಂದೆ ನಿಂತು ಏನು ತೋರಿಸಬೇಕು? ಊರಿನ ಹೆಸರನ್ನೇ?

‘ಎಲೆಕ್ಟ್ರಿಕ್ ಕಾರು ಬಂದಿದೆ, ಅದಕ್ಕೆ ಕ್ಲಚ್ ಪೆಡಲೇ ಇಲ್ಲ, ಈ ಪುರಾಣವೇಕೆ?’ ಎಂದು ನನ್ನ ಮಗನೇ ಕೇಳುತ್ತಾನೆ. ಕ್ಲಚ್ಚು ಹೋಗಲಿ, ಕಾಣದ ಜಾಗ ಹೋಯಿತೇ? ಬ್ಯಾಟರಿಯ ಒಳಗೆ ಏನು ಕೆಟ್ಟಿದೆಯೆಂದು ನೋಡಿ ಹೇಳುವುದು ನಮಗೆ ಇನ್ನೂ ಕಷ್ಟ. ಯಂತ್ರ ಹೊಸದಾದಷ್ಟೂ ಕೇಳುವ ಅಭ್ಯಾಸ ಹೆಚ್ಚು ಬೇಕು.

ಕೊನೆಯದಾಗಿ ನನ್ನ ಪ್ರತಿಸೂಚನೆ. ಪಟ್ಟಿ ಬರಲಿ, ಈ ಪತ್ರಿಕೆಯಲ್ಲೇ ಬರಲಿ. ಅದರಲ್ಲಿ ಮಾತೃಭಾಷೆಯ ಕಲಮು ಬೇಡ. ಅಂದಾಜು ಬರೆದು ಕೊಡುತ್ತಾನೆಯೇ, ಹಳೆಯ ಸಾಮಾನು ಹಿಂದಿರುಗಿಸುತ್ತಾನೆಯೇ, ಬಿಲ್ಲು ಕೊಡುತ್ತಾನೆಯೇ, ಮಾಡಿದ ಕೆಲಸ ಕೆಟ್ಟರೆ ಜವಾಬ್ದಾರಿ ಹೊರುತ್ತಾನೆಯೇ ಎಂಬ ನಾಲ್ಕು ಕಲಮುಗಳಿರಲಿ. ಯಾವ ಸದಸ್ಯರ ಅನುಭವದ ಮೇಲೆ ಹೆಸರು ಸೇರಿತೋ ಅವರ ಸಹಿಯೂ ಇರಲಿ. ಸಂಘದ ಕಛೇರಿಯಲ್ಲಿ ಒಂದು ದೂರಿನ ಪುಸ್ತಕವಿರಲಿ. ದೂರು ನಿಜವೆಂದು ಕಂಡರೆ ಹೆಸರು ಹೊಡೆದುಹಾಕಲಿ, ಅವನು ಅಧ್ಯಕ್ಷರ ಬೀಗನಾದರೂ ಸರಿಯೆ. ಆ ನಾಲ್ಕು ಪರೀಕ್ಷೆಯಲ್ಲಿ ತೇರ್ಗಡೆಯಾದ ಕನ್ನಡಿಗನ ಹೆಸರು ಮೊದಲ ಸಾಲಿನಲ್ಲಿ ಬಂದರೆ ಎಲ್ಲರಿಗಿಂತ ಮುಂಚೆ ಚಪ್ಪಾಳೆ ತಟ್ಟುವವನು ನಾನು. ಅವನ ಏಳಿಗೆ ಅವನ ಕೆಲಸದಿಂದ ಆದದ್ದೆಂದು ಆಗ ಊರೆಲ್ಲ ಹೇಳುತ್ತದೆ.

ಮುಂದಿನ ಸಭೆಯಲ್ಲಿ ಹಳೆಯ ಸೂಚನೆಯೇ ಮತಕ್ಕೆ ಬಂದರೆ ಮತ್ತೆ ಕೈಯೆತ್ತುತ್ತೇನೆ. ನೀಲಿ ಕಲೆ ಬಿದ್ದ ಆ ಪ್ರೆಶರ್ ಪ್ಲೇಟು ಇನ್ನೂ ನನ್ನ ಮನೆಯ ಅಟ್ಟದ ಮೇಲಿದೆ. ಅದನ್ನೂ ಚೀಲದಲ್ಲಿ ಹಾಕಿಕೊಂಡು ಬರುತ್ತೇನೆ. ಹಿಂದಿನ ಸಾಲಿನ ಮಹನೀಯರು ಮುಟ್ಟಿ ನೋಡಬಹುದು.